ಹಿಂಗಾಲಿನ ಗೆರೆ

ನನ್ನ ಮಗಳು ಚಪ್ಪಲಿ ಸರ್ರೆಂದು ಎಳೆಯುತ್ತ ಪಡಸಾಲೆ ದಾಟುತ್ತಾಳೆ. ಮೊನ್ನೆ ಬೆಳಿಗ್ಗೆ ಆ ಸದ್ದಿಗೆ, "ಕಾಲು ಎಳಕೊಂಡು ಅಡ್ಡಾಡಬ್ಯಾಡ, ಮನಿಗೆ ದರಿದ್ರ..." ಎಂದು ಶುರುಮಾಡಿ ಅರ್ಧಕ್ಕೇ ಸುಮ್ಮನಾದೆ. ಸಿಂಧನೂರು ಸೀಮೆಯಲ್ಲಿ ಈ ಬೈಗುಳ ತಿನ್ನದೆ ಬೆಳೆದ ಹೆಣ್ಣುಮಕ್ಕಳಿಲ್ಲ. ಆದರೆ ಕಾಲು ಎಳೆಯುವುದನ್ನು ಕಲಿಯಲು ಒದ್ದಾಡಿದ ಒಬ್ಬಳಿದ್ದಳು. ಅವಳ ಹೆಸರು ಹುಲಿಗೆಮ್ಮ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಹೈಸ್ಕೂಲಿನ ಡ್ರಿಲ್ ಟೀಚರ್ ಜುಬೇದಾ ಯಾವುದೋ ತರಬೇತಿಗೆ ಹೋದವರು ಸಾಫ್ಟ್‌ಬಾಲ್ ಎಂಬ ಆಟ ಹೊತ್ತು ತಂದರು. ಹೆಸರಿಗಷ್ಟೇ ಮೆತ್ತಗಿನ ಚೆಂಡು. ಅದು ಎಷ್ಟು ಮೆತ್ತಗೆಂದು ನನ್ನ ಅಂಗೈಯನ್ನು ಕೇಳಬೇಕು. ನಾನು ಓಡಲು ಸೋಮಾರಿ. ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಸುಖದ್ದೆಂದುಕೊಂಡು ಕ್ಯಾಚರ್ ಆದೆ. ಸಂಜೆ ಮನೆಗೆ ಹೋಗಿ ಮೆಟ್ಟಿಲು ಹತ್ತುವಾಗ ಸುಖ ಗೊತ್ತಾಗುತ್ತಿತ್ತು.

ಹುಲಿಗೆಮ್ಮ ಎಸೆಯುವವಳು. ಬಳಗಾನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು, ರಜೆಯಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದಳು. ತೋಳನ್ನು ಗಿರ್ರನೆ ಸುತ್ತಿಸಿ ಸೊಂಟದ ಪಕ್ಕದಿಂದ ಚೆಂಡು ಬಿಟ್ಟಳೆಂದರೆ ಬ್ಯಾಟು ಹಿಡಿದವಳು ಕಣ್ಣು ಮುಚ್ಚುತ್ತಿದ್ದಳು. ಕೆಲವೊಮ್ಮೆ ನಾನೂ.

ಆದರೆ ಜುಬೇದಾ ಟೀಚರ್ ಚೆಂಡನ್ನು ನೋಡುತ್ತಲೇ ಇರಲಿಲ್ಲ, ನೆಲ ನೋಡುತ್ತಿದ್ದರು. ಎಸೆಯುವ ಜಾಗದಲ್ಲಿ ಒಂದು ರಬ್ಬರ್ ಪಟ್ಟಿ ಹೂತಿರುತ್ತದೆ. ಬಲಗಾಲು ಅದಕ್ಕೆ ಒತ್ತಿ ಎಡಗಾಲು ಮುಂದಿಟ್ಟು ಎಸೆಯಬೇಕು. ಆಗ ಹಿಂದಿನ ಕಾಲು ನೆಲ ಬಿಡದೆ, ಎಳೆದುಕೊಂಡೇ ಬರಬೇಕು. ಅದು ಎದ್ದು ಮುಂದೆ ಕುಪ್ಪಳಿಸಿ ಅಲ್ಲಿಂದ ಇನ್ನೊಮ್ಮೆ ಒದ್ದರೆ, ಅಷ್ಟು ನೆಲ ಕದ್ದಂತೆ. ಕಣ್ಣಿಗೆ ಇದು ಸಿಗುವುದಿಲ್ಲ, ತೋಳು ಮರುಳು ಮಾಡುತ್ತದೆ. ಮಣ್ಣು ಮಾತ್ರ ಸುಳ್ಳು ಹೇಳುವುದಿಲ್ಲ. ಎಸೆತ ಸರಿಯಿದ್ದರೆ ಪಟ್ಟಿಯಿಂದ ಒಂದು ಗೆರೆ, ತಪ್ಪಿದ್ದರೆ ಗೆರೆಯಿಲ್ಲದೆ ಮುಂದೊಂದು ಹೊಸ ಗುಣಿ.

"ಗೆರಿ ಎಲ್ಲೈತಿ ಬೇಟಾ?" ಎನ್ನುವರು ಟೀಚರ್. ಹುಲಿಗೆಮ್ಮನ ಮುಂದೆ ಯಾವಾಗಲೂ ಗುಣಿ.

"ಕೆಸರಾಗ ಕಾಲು ಎಳೆದ್ರ ಸಿಕ್ಕೊಂಡು ಮಕಾಡಿ ಬೀಳ್ತೀವ್ರಿ ಟೀಚರ್. ಕಿತ್ತು ಇಡಬೇಕು. ಮ್ಯಾಲ ನಮ್ಮವ್ವ ಬೇರೆ, ಕಾಲು ಎಳೆದ್ರ ಬಾರ್ಕೋಲು ತಗೊಂತಾಳ."

ಗದ್ದೆ ಕಲಿಸಿದ ಹೆಜ್ಜೆಯನ್ನು ಮರೆಯಲು ಅವಳಿಗೆ ಒಂದು ಮಳೆಗಾಲವೇ ಹಿಡಿಯಿತು. ನಮ್ಮ ಮೈದಾನದ್ದು ಎರೆಮಣ್ಣು, ಕೆತ್ತಿ ನೀರು ಚಿಮುಕಿಸಿದರೆ ಹಿಟ್ಟಿನಂತೆ. ಅಲ್ಲಿ ಅವಳ ಬರಿಗಾಲಿನ ಹೆಬ್ಬೆರಳು ಕೊನೆಗೂ ಗೆರೆ ಎಳೆಯಿತು. ಅವತ್ತು ಟೀಚರ್ ನಮಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದರು.

ಪಂದ್ಯ ನಡೆದದ್ದು ಲಿಂಗಸುಗೂರಿನಲ್ಲಿ, ಚಿನ್ನದ ಗಣಿಯ ಊರು ಹಟ್ಟಿಯ ಹುಡುಗಿಯರ ಮೇಲೆ. ಹುಲಿಗೆಮ್ಮನ ಅಣ್ಣ ಬಸಣ್ಣ ಊರಿನ ನಾಲ್ಕು ಮಂದಿಯೊಂದಿಗೆ ಬಂದಿದ್ದ. "ಆಟ ಎಂಥಾದ್ದು ನೋಡ್ತೀನಿ, ಆಮ್ಯಾಲ ಮುಂದಿನ ವರ್ಷದ್ದು ಹೇಳ್ತೀನಿ" ಎಂದು ತಂಗಿಗೆ ಹೇಳಿಯೇ ಬಂದಿದ್ದ. ಅವಳ ಓದೂ ಅದಕ್ಕೇ ಕಟ್ಟುಬಿದ್ದಿತ್ತು. ಆಟಕ್ಕೆಂದೇ ಟೀಚರ್ ಅವಳ ಮನೆಯವರ ಕೈಕಾಲು ಹಿಡಿದು ಶಾಲೆ ಬಿಡಿಸದಂತೆ ತಡೆದಿದ್ದರು.

ಅಲ್ಲಿಯ ನೆಲ ಗರಸು, ಬರೀ ಚೂಪು ಹರಳುಕಲ್ಲು. ಹಟ್ಟಿಯವರಿಗೆ ಕ್ಯಾನ್ವಾಸ್ ಶೂ ಇದ್ದವು, ನಮಗಿರಲಿಲ್ಲ. ಮೊದಮೊದಲು ಹುಲಿಗೆಮ್ಮ ಗೆರೆ ಎಳೆದೇ ಎಸೆದಳು. ಅರ್ಧ ಆಟದ ಹೊತ್ತಿಗೆ ಅವಳ ಕಾಲು ಸಣ್ಣಗೆ ಮೇಲೇಳುವುದು ಕೂತಲ್ಲಿಂದ ನನಗೆ ಕಂಡಿತು. ಮುದಗಲ್ಲಿನಿಂದ ಬಂದಿದ್ದ ಅಂಪೈರ್ ಮಾಸ್ತರರಿಗೂ ಕಂಡಿತು. ಕೈ ಎತ್ತಿ ತಪ್ಪು ಎಂದರು. ಓಟದ ನಡುವಿನ ತಂಗುದಾಣ, ಬೇಸಿನ ಮೇಲೆ ಕಾದಿದ್ದ ಹಟ್ಟಿಯ ಹುಡುಗಿ ಪುಕ್ಕಟೆ ಮುಂದಿನ ಬೇಸಿಗೆ ಹೋದಳು. ಮತ್ತೆ ಎಸೆತ, ಮತ್ತೆ ತಪ್ಪು. ಕಾಂಪೌಂಡ್ ಮೇಲೆ ಕೂತಿದ್ದ ಪಡ್ಡೆಗಳಿಗೆ ಆಟ ತಿಳಿಯದಿದ್ದರೂ ಕೂಗಲು ಒಂದು ಮಾತು ಸಿಕ್ಕಿತು. "ಮೋಸ! ಮೋಸ! ಕಳ್ಳಿ!"

ಟೀಚರ್ ಓಡಿಬಂದರು, ನಾನೂ ಎದ್ದು ಹೋದೆ. ಅವಳ ಮುಂದಿನ ಗುಣಿ ಕೆಂಪಗಿತ್ತು. ಹೆಬ್ಬೆರಳಿನ ಉಗುರು ಅರ್ಧ ಎದ್ದಿತ್ತು.

"ಸಾಕು ಬೇಟಾ, ಹೊರಗ ಬಾ."

"ಈಗ ಹೊರಗ ಬಂದ್ರ ಅವರಂದಿದ್ದು ಖರೆ ಆಕ್ಕತ್ರಿ," ಎಂದಳು ಹುಲಿಗೆಮ್ಮ. ದುಪಟ್ಟಾದ ಅಂಚು ಹರಿದು ಬೆರಳಿಗೆ ಸುತ್ತಿಕೊಂಡಳು.

ಆಮೇಲಿನ ಪ್ರತಿ ಎಸೆತಕ್ಕೂ ಗೆರೆ ಬಿತ್ತು. ಬಟ್ಟೆ ಕಿತ್ತುಹೋದ ಮೇಲೂ ಬಿತ್ತು. ಚೆಂಡು ನಿಧಾನವಾಯಿತು, ಹಟ್ಟಿಯವರು ಬೀಸಿ ಬೀಸಿ ಹೊಡೆದರು, ಸೋತೆವು. ಕೈಗವಸಿನ ಮರೆಯಲ್ಲಿ ನಾನು ಅಳುತ್ತಿದ್ದೆ.

ಆಟ ಮುಗಿದ ಮೇಲೆ ಟೀಚರ್ ಬಸಣ್ಣನನ್ನು ಪಟ್ಟಿಯ ಹತ್ತಿರ ಕರೆತಂದು ಆ ಗೆರೆಗಳನ್ನು ತೋರಿಸಿದರು. ಅಂಪೈರ್ ಮಾಸ್ತರರೂ ಬಂದರು. "ಕಾಲು ಎತ್ತಿದ್ಲು, ತಪ್ಪು ಅಂದೆ. ಮೋಸ ಅಂತ ನಾ ಅಂದಿಲ್ಲಪ್ಪ," ಎಂದರು. ಬಸಣ್ಣ ಬಗ್ಗಿ ಮಣ್ಣು ನೋಡಿದ, ತಂಗಿಯ ಕಾಲು ನೋಡಿದ.

"ನನಗ ತಿಳೀತ್ರಿ ಟೀಚರ್," ಎಂದ ಕಡೆಗೆ. "ನನ್ ಜೋಡಿ ಬಂದ ಮಂದಿ ಆ ಕೂಗು ಕೇಳಿ ಆಗಲೇ ಬಸ್ ಹತ್ಯಾರ. ಊರಿಗೆ ಹೆಂಗ ತಿಳಿಸ್ಲಿ?"

ಮುಂದಿನ ವರ್ಷ ಹುಲಿಗೆಮ್ಮ ಶಾಲೆಗೆ ಬರಲಿಲ್ಲ. ಜುಬೇದಾ ಟೀಚರ್ ಎರಡು ಸಲ ಬಳಗಾನೂರಿಗೆ ಹೋಗಿ ಬರಿಗೈಯಲ್ಲಿ ಬಂದರು. ತೊಂಬತ್ತರ ದಶಕದಲ್ಲಿ ನಾನೂ ಡ್ರಿಲ್ ಟೀಚರ್ ಆದೆ, ಅಂಪೈರೂ ಆದೆ. ನನ್ನ ಕಣ್ಣು ಇವತ್ತಿಗೂ ಚೆಂಡಿಗಿಂತ ಮೊದಲು ಮಣ್ಣಿಗೇ ಹೋಗುತ್ತದೆ.

ಮಗಳನ್ನು ಬೈಯಹೊರಟು ಸುಮ್ಮನಾದೆನಲ್ಲ, ಅದೇ ವಾರ ಮಸ್ಕಿಯಲ್ಲಿ ಪಂದ್ಯವಿತ್ತು. ಒಳ್ಳೆಯ ಶೂ ಹಾಕಿದ್ದ ಒಬ್ಬ ಹುಡುಗಿ ಎಸೆಯುವಾಗ ಹಿಂಗಾಲು ಎತ್ತಿದಳು. ಕೈ ಎತ್ತಿ ತಪ್ಪು ಎಂದೆ. ಜನರ ನಡುವಿನಿಂದ ಯಾರೋ "ಮೋಸ!" ಎಂದರು, ಹಿಂದೆಯೇ ಹತ್ತು ಗಂಟಲು ಸೇರಿದವು. ಹುಡುಗಿ ತಲೆ ತಗ್ಗಿಸಿದಳು.

ನಾನು ಆಟ ನಿಲ್ಲಿಸಿದೆ. ಮೊಣಕಾಲು ನೋವಿನಲ್ಲೂ ಮೈದಾನ ದಾಟಿ ಜನರ ಮುಂದೆ ಹೋಗಿ ನಿಂತೆ.

"ಆಕಿ ಮೋಸ ಮಾಡಿಲ್ಲ. ಕಾಲು ಎದ್ದೈತಿ, ನಾ ತಪ್ಪು ಅಂದೀನಿ, ಅಷ್ಟ. ಇದನ್ನ ನಿಮ್ಮ ನಿಮ್ಮ ಊರಿಗೆ ಹೋಗಿ ಹಿಂಗ ಹೇಳ್ರಿ."

ತಿರುಗಿ ಬಂದು ಆಟ ಶುರುಮಾಡಿಸಿದೆ. ಬಸಣ್ಣ ಅಲ್ಲಿ ಇರಬೇಕಿತ್ತು ಅನ್ನಿಸಿತು.