ನೀರಿಲ್ಲದೆ ಹತ್ತಿದ ಗುಡ್ಡಗಳು

ಎಪ್ಪತ್ತರ ದಶಕದ ಒಂದು ಬೇಸಿಗೆ. ಚಿಕ್ಕನಾಯಕನಹಳ್ಳಿ ಕಡೆಯ ನಾಲ್ಕು ಗುಡ್ಡಗಳ ನೆತ್ತಿ ಹತ್ತಿಳಿದು, ಸಂಜೆಗೆ ಹೊರಟಲ್ಲಿಗೇ ಮರಳುವುದೆಂದು ನಾನೂ ಗೆಳೆಯನೂ ಹೊರಟೆವು. ನೀರು ಒಯ್ಯಲಿಲ್ಲ. ನಮ್ಮ ತೆಂಗಿನ ಸೀಮೆಯಲ್ಲಿ ಬಾಯಾರಿದವನು ಯಾರ ತೋಟಕ್ಕೆ ಹೋದರೂ ಎಳನೀರು ಕೆತ್ತಿ ಕೊಡುತ್ತಾರೆ. ನೀರು ಹೊತ್ತು ತಿರುಗುವುದು ಅವಮಾನವೆನ್ನುವಷ್ಟು ಸೊಕ್ಕು ನಮಗೆ.

ಮೂರನೆಯ ನೆತ್ತಿಯಲ್ಲಿ ನಾಲಿಗೆ ಅಂಟಿಕೊಂಡಿತು. ಕೆಳಗೆ ಕಣ್ಣು ಹಾಯುವಷ್ಟೂ ತೆಂಗು, ಮೇಲೆ ಬರೀ ಒಣಹುಲ್ಲು. ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕಿ ತನ್ನ ನೀರಿನ ಸೋರೆಬುರುಡೆ ಚಾಚಿ, “ತ್ವಾಟದೋರಾ?” ಎಂದಳು.

“ಹೆಂಗ್ ಗೊತ್ತಾಯ್ತಜ್ಜಿ?” ಎಂದ ಗೆಳೆಯ.

“ನೀರಿಲ್ದೆ ಗುಡ್ಡ ಹತ್ತೋರು ಇನ್ಯಾರವ್ರೆ ಬುಡಪ್ಪ.”

ಇಬ್ಬರೂ ಗಟಗಟ ಕುಡಿದೆವು. ನಾಲ್ಕನೆಯ ಗುಡ್ಡ ಇಳಿಯುವಾಗ ಗೆಳೆಯ ತಟ್ಟನೆ ನಿಂತು, “ಅಜ್ಜಿಗೆ ಒಂದ್ ಗುಟುಕಾದ್ರೂ ಉಳ್ಸಿದ್ಯೇನ್ಲಾ?” ಎಂದು ಕೇಳಿದ.

ಕೊನೆಗೆ ಕುಡಿದವನು ನಾನು.