ಅಳದ ಕೂಸಿನ ಆಸ್ತಿ

ನನ್ನ ಅಕ್ಕ ಗನ್ನೋರಾಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎದುರಿಗಿದ್ದವರು ಮುಂದಕ್ಕೆ ಬಾಗಿ ಬೈಗುಳ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಹಾಗೆ ಬಾಗಿ ಬೈಸಿಕೊಂಡವರಲ್ಲಿ ನಾನೂ ಒಬ್ಬಳು. ನಮ್ಮ ಕೆಲ್ಡ್‌ಥಾರ್ಪಿನಲ್ಲಿ ಅವಳೊಬ್ಬಳೇ ಸೂಲಗಿತ್ತಿ. ಕತ್ತರಿ, ನಾರಿನ ದಾರ, ಬಾತುಕೋಳಿಯ ಕೊಬ್ಬು ಇಟ್ಟ ಅವಳ ಬುಟ್ಟಿ ಹೊತ್ತುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದವಳು ನಾನು, ಮಾಬಿಲ್. ನಮ್ಮೂರಿನ ಗುಡಿಸಲುಗಳಿಗೂ ದೊರೆಯ ಮನೆಗೂ ಅವಳು ಹೋಗುತ್ತಿದ್ದುದು ಅದೇ ಬುಟ್ಟಿ ತೆಗೆದುಕೊಂಡು.

ಆ ದೊರೆಯ ಮನೆತನಕ್ಕೆ ಟಾರ್ಬೆಲ್ ಎಂದು ಹೆಸರು. ಊರವರೆಲ್ಲ ಟಾರ್ಬೆಲ್ಲರ ನೆಲ, ಟಾರ್ಬೆಲ್ಲರ ಗಿರಣಿ ಎನ್ನುತ್ತಿದ್ದರು. ಗನ್ನೋರಾಗೆ ಆ ಮಾತೇ ಆಗುತ್ತಿರಲಿಲ್ಲ. ಹೊಳೆದಂಡೆಯ ಹುಲ್ಲುಗಾವಲು ಬಂದದ್ದು ಮುದಿ ದೊರೆ ರೆನೋಲ್ಡನ ಅಜ್ಜಿಯ ಮದುವೆಯಲ್ಲಿ. ಗಿರಣಿ ಬಂದದ್ದು ಅವನ ತಾಯಿಯ ಜೊತೆ. ಓಕ್ ಮರಗಳ ಕಾಡು ಅವನ ಹೆಂಡತಿಯ ತವರಿನದು. ಈ ಮನೆಯ ಗಂಡಸರು ತಂದದ್ದು ಹೆಸರೊಂದೇ ಎಂದು ಗನ್ನೋರಾ ಎಷ್ಟೋ ಸಲ ನನ್ನೆದುರು ಆಡಿಕೊಂಡಿದ್ದಳು.

ರೆನೋಲ್ಡನಿಗೆ ಗಂಡುಮಕ್ಕಳಿರಲಿಲ್ಲ. ಅವನು ಸತ್ತ ಮೇಲೆ ಆಸ್ತಿ ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ ಹಂಚಿಹೋಯಿತು. ದೊಡ್ಡವಳು ಅವೆಲಿನಾಗೆ ನಮ್ಮೂರು, ಗಿರಣಿ, ಹುಲ್ಲುಗಾವಲು. ಚಿಕ್ಕವಳು ಪೆಟ್ರೋನಿಲಾಗೆ ಕಾಡು ಮತ್ತು ಒಂದು ದಿನದ ದಾರಿಯಾಚೆಯ ಇನ್ನೊಂದು ಊರು. ಪೆಟ್ರೋನಿಲಾ ಸಣ್ಣ ಹಿಡುವಳಿಯವನೊಬ್ಬನನ್ನು ಮದುವೆಯಾಗಿ ಅಲ್ಲೇ ನೆಲೆಸಿದಳು. ಅವೆಲಿನಾಳನ್ನು ಮದುವೆಯಾದದ್ದು ಫುಲ್ಕ್. ದಕ್ಷಿಣದ ಕಡೆಯ ಯೋಧ, ಒಳ್ಳೆಯ ಕುದುರೆ ಇತ್ತು, ಕಾಲೂರಲು ಸ್ವಂತ ನೆಲ ಇರಲಿಲ್ಲ.

ಅವೆಲಿನಾಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದು ನಿಂತಿತು. ಹಳೆಯ ಎಡ್ವರ್ಡ್ ರಾಜ ಸತ್ತ ನಾಲ್ಕನೆಯ ವರ್ಷ, ಚಳಿಗಾಲದ ಮೊದಲಿಗೆ ಬರುವ ಸಂತ ಮಾರ್ಟಿನನ ಹಬ್ಬ ಕಳೆದ ಮರುವಾರ, ಬೆಳಗಿನ ಹೊತ್ತು ನಮಗೆ ಕರೆ ಬಂತು. ನಾವು ಹೋಗಿ, ಹೆರಿಗೆ ಸಲೀಸಾಗಲೆಂದು ಕೋಣೆಯ ಪೆಟ್ಟಿಗೆಗಳ ಬೀಗ ತೆಗೆದೆವು, ಅವಳ ಕೂದಲಿನ ಗಂಟು ಬಿಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಲ್ಲುತ್ತಿಲ್ಲ ಎಂಬುದು ನನಗೂ ಗೊತ್ತಾಯಿತು.

ಕೂಸು ಹುಟ್ಟಿದಾಗ ನೀಲಿಯಾಗಿತ್ತು. ಹೊಕ್ಕುಳಬಳ್ಳಿ ಕತ್ತಿಗೆ ಎರಡು ಸುತ್ತು. ಗನ್ನೋರಾ ಬಳ್ಳಿ ಬಿಡಿಸಿ, ಬಾಯಿಗೆ ಬಾಯಿ ಇಟ್ಟು ಊದಿದಳು, ಬೆಚ್ಚನೆಯ ಏಲ್ ಮದ್ಯದಲ್ಲಿ ಮೈ ಉಜ್ಜಿದಳು, ತಲೆಕೆಳಗೆ ಹಿಡಿದು ಬಡಿದಳು. ಏನೂ ಆಗಲಿಲ್ಲ. ಹಾಸಿಗೆಯಿಂದ ಅವೆಲಿನಾ ಯಾಕೆ ಸದ್ದಿಲ್ಲ ಎಂದು ಕೇಳಿದಳು. ಜ್ಞಾನಸ್ನಾನದ ನೀರು ಬೀಳದೆ ಹೋದ ಕೂಸು ದೇವರ ಮುಖ ಕಾಣುವುದಿಲ್ಲ ಎಂದು ಪಾದ್ರಿ ವಾರಿನ್ ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅವಳ ಕಣ್ಣಿನಲ್ಲಿ ಇದ್ದದ್ದು ಅದೊಂದೇ ಹೆದರಿಕೆ. ತನ್ನ ಸಾವಿನದಲ್ಲ.

ಗನ್ನೋರಾ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಪಕ್ಕಕ್ಕೆ ತಂದಳು.

"ಅಳ್ತು ಅಮ್ಮಾವ್ರೇ. ಸಣ್ಣಗೆ ಅಳ್ತು, ನಿಮಗೆ ಕೇಳಿಸ್ಲಿಲ್ಲ ಅಷ್ಟೆ. ನಾನೇ ನೀರು ಹಾಕ್ದೆ."

"ಹೆಸರು?"

"ರೆನೋಲ್ಡ್ ಅಂತ ಇಟ್ಟೆ. ನಿಮ್ಮಪ್ಪಾಜಿ ಹೆಸರು."

ಅವೆಲಿನಾ ಕೈಚಾಚಿ ಕೂಸಿನ ಕೆನ್ನೆ ಮುಟ್ಟಿದಳು. ಆಮೇಲೆ ಹೆಚ್ಚು ಹೊತ್ತು ಇರಲಿಲ್ಲ.

ಬಾಗಿಲಿನ ಆಚೆ ಫುಲ್ಕನ ಪಾರುಪತ್ಯಗಾರ ಓಸ್ಬರ್ಟ್ ನಿಂತಿದ್ದ. ಆಗ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಾದ್ರಿಗೆ ಗನ್ನೋರಾ ಅಂದೇ ನಿಜ ಹೇಳಿದಳು: ಕೂಸು ಹುಟ್ಟುವಾಗಲೇ ಸತ್ತಿತ್ತು, ಸತ್ತದ್ದಕ್ಕೆ ನೀರು ಹಾಕುವುದು ಪಾಪ, ಹಾಕಿಲ್ಲ. ಹಾಗಿದ್ದರೆ ಬೇಲಿಯಾಚೆ ಎಂದ ವಾರಿನ್. ನಮ್ಮ ಇಗರ್ಜಿಯ ಸ್ಮಶಾನಕ್ಕೆ ಕಡ್ಡಿ ಹೆಣೆದ ಬೇಲಿ. ಅದರಾಚೆ ಮುಳ್ಳುಪೊದೆಗಳ ಬುಡದಲ್ಲಿ ನೀರು ಕಾಣದ ಕೂಸುಗಳನ್ನು ಹೂಳುವುದು. ಗನ್ನೋರಾಳ ಇಬ್ಬರು ಅಲ್ಲಿದ್ದಾರೆ. ನನ್ನದು ಒಂದು. ಮರುದಿನ ಬೆಳಿಗ್ಗೆ ಅಕ್ಕ ತಾನೇ ಗುಂಡಿ ತೋಡಿ ದೊರೆಮನೆಯ ಕೂಸನ್ನು ನಮ್ಮವರ ಸಾಲಿನಲ್ಲಿ ಮಲಗಿಸಿದಳು.

ಮೂರನೆಯ ದಿನ ಓಸ್ಬರ್ಟ್ ನಮ್ಮ ಮನೆಗೆ ಬಂದ. ಕೈಯಲ್ಲಿ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ದೊಡ್ಡ ತುಂಡು. ಒಳಗೆ ಕೂತು ಕಾಯಿದೆ ತಿಳಿಸಿದ. ಮಕ್ಕಳಾಗದೆ ಹೆಂಡತಿ ಸತ್ತರೆ ಅವಳ ತವರಿನ ನೆಲ ತಂಗಿಗೆ ಹೋಗುತ್ತದೆ, ಗಂಡ ಕುದುರೆ ಹತ್ತಿ ಹೊರಡಬೇಕು. ಆದರೆ ಅವಳಿಗೆ ಜೀವಂತ ಮಗು ಹುಟ್ಟಿದ್ದರೆ, ಅದು ಒಂದೇ ಗಳಿಗೆ ಬದುಕಿದ್ದರೂ, ಅದು ಅತ್ತದ್ದು ನಾಲ್ಕು ಗೋಡೆಯ ನಡುವೆ ಕೇಳಿಸಿದ್ದರೆ, ಗಂಡ ಸಾಯುವ ತನಕ ಆ ನೆಲ ಅವನದೇ.

"ಮಗು ಅಳ್ತು ಅಂತ ನಿನ್ನ ಬಾಯಿಂದ್ಲೇ ಬಂತಲ್ಲ ಗನ್ನೋರಾ. ನಾನು ಕಿವಿಯಾರೆ ಕೇಳಿದೀನಿ."

"ಸಾಯೋರಿಗೆ ಹೇಳಿದ ಮಾತದು. ಸತ್ತ ಕೂಸು ಅಳಲ್ಲ."

"ನಿನ್ನನ್ನ ಯಾರೂ ಸಾಕ್ಷಿಗೆ ಕರೆಯಲ್ಲ ಬಿಡು. ಹೆಂಗಸ್ರ ಆಣೆ ಅಲ್ಲಿ ನಡೆಯಲ್ಲ. ಬಾಯಿ ಮುಚ್ಕೊಂಡಿರು, ಅಷ್ಟೇ ಸಾಕು."

ಗನ್ನೋರಾ ಎದ್ದು ಮಾಂಸದ ತುಂಡನ್ನು ಎತ್ತಿ ಅವನ ತೋಳಿಗೆ ಹಾಕಿ ಬಾಗಿಲು ತೆರೆದು ನಿಂತಳು. ನಾನಾಗಿದ್ದರೆ ಮಾಂಸ ಇಟ್ಟುಕೊಂಡು ಮಾತನ್ನು ವಾಪಸ್ಸು ಕಳಿಸುತ್ತಿದ್ದೆ. ಆ ಚಳಿಗಾಲ ನಾವು ಬಟಾಣಿ ಗಂಜಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮರುದಿನವೇ ಅವಳು ಒಬ್ಬಳೇ ನಡೆದು ಪೆಟ್ರೋನಿಲಾಳ ಊರಿಗೆ ಹೋದಳು. ತಾನು ಹೇಳಿದ ಸುಳ್ಳು, ಅದನ್ನು ಅವರು ಹಿಡಿದುಕೊಂಡದ್ದು, ಎಲ್ಲವನ್ನೂ ಒಪ್ಪಿಸಿದಳು. ಪೆಟ್ರೋನಿಲಾ ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿಸಿಕೊಂಡು, ಸುಳ್ಳು ಹೇಳೋಕೆ ನಿಂಗೆ ಬೇರೆ ಮನೆ ಸಿಗ್ಲಿಲ್ವಾ ಎಂದಳಂತೆ. ಕುಡಿಯಲು ನೀರೂ ಕೊಡಲಿಲ್ಲವಂತೆ. ಗನ್ನೋರಾ ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆ ಬೈಗುಳಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಅದು ತನಗೆ ಸಲ್ಲಬೇಕಾದದ್ದೇ ಎಂದುಕೊಂಡಿದ್ದಳು.

ಅವಳು ಹಿಂತಿರುಗಿ ಬರುವಷ್ಟರಲ್ಲಿ ಪೊದೆಯ ಬುಡದ ಗುಂಡಿ ಬರಿದಾಗಿತ್ತು. ಅತ್ತ ಕೂಸು ಎಂದ ಮೇಲೆ ಅದು ಬೇಲಿಯಾಚೆ ಹೇಗಿರುತ್ತದೆ? ಫುಲ್ಕನ ಪರ ನಿಂತ ಪಾದ್ರಿಯೇ ಆಳನ್ನು ಕಳಿಸಿ ಅಗೆಸಿ, ಇಗರ್ಜಿಯೊಳಗೆ ತಾಯಿಯ ಪಕ್ಕದಲ್ಲಿ ಕಲ್ಲು ಎಬ್ಬಿಸಿ ಇಡಿಸಿದ್ದ. ಅಗೆಯುವಾಗ ಪಕ್ಕದ ಎರಡು ಗುಂಡಿಗಳೂ ಕದಡಿಹೋಗಿದ್ದವು. ಅದರಲ್ಲಿ ಒಂದು ನನ್ನದು. ನಾನು ಮಂಡಿಯೂರಿ ಕೈಯಿಂದಲೇ ಮಣ್ಣು ಮುಚ್ಚಿದೆ. ಗನ್ನೋರಾ ನಿಂತು ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಏನು ಹೇಳುತ್ತಿದ್ದಾಳೆಂದು ನನಗೆ ಕೇಳಿಸಲಿಲ್ಲ.

ಈಸ್ಟರಿನ ಮುಂಚಿನ ಉಪವಾಸದ ದಿನಗಳಲ್ಲಿ ವಿಚಾರಣೆಗೆಂದು ರಾಜನ ಅಧಿಕಾರಿ ಬಂದ. ಇಗರ್ಜಿಯಲ್ಲೇ ಬೆಂಚು ಹಾಕಿದರು. ಆಣೆ ಮಾಡಿ ನಿಜ ಹೇಳಲು ಹನ್ನೆರಡು ಮಂದಿ ಗಂಡಸರನ್ನು ಆರಿಸಿದ್ದರು. ಅವರಲ್ಲಿ ಒಬ್ಬ ನನ್ನ ಗಂಡ ಥರ್ಸ್ಟನ್.

ಮೊದಲು ವಂಶಾವಳಿ ನಡೆಯಿತು. ಯಾರು ಯಾರನ್ನು ಮದುವೆಯಾದರು, ಯಾವ ನೆಲ ಯಾರಿಂದ ಬಂತು, ಯಾರಿಗೆ ಎಷ್ಟು ವಯಸ್ಸು. ಒಬ್ಬ ರೆನೋಲ್ಡನ ತಾಯಿಯ ಹೆಸರನ್ನೇ ತಪ್ಪು ಹೇಳಿದ. ಇನ್ನೊಬ್ಬ ಪೆಟ್ರೋನಿಲಾಳ ವಯಸ್ಸನ್ನು ಆರು ವರ್ಷ ಇಳಿಸಿದ. ಹೆರಿಗೆಯಲ್ಲಿ ಅವಳನ್ನು ಕೈಯಲ್ಲಿ ಹಿಡಿದು ಹೊರಗೆ ತಂದ ಗನ್ನೋರಾ ಹಿಂದಿನ ಕಂಬದ ಹತ್ತಿರ ನಿಂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಬರಹಗಾರ ಎಲ್ಲವನ್ನೂ ಬರೆದುಕೊಂಡ.

ಆಮೇಲೆ ಮಗುವಿನ ಪ್ರಶ್ನೆ. ಓಸ್ಬರ್ಟ್ ತಾನು ಬಾಗಿಲಲ್ಲೇ ಇದ್ದುದಾಗಿಯೂ ಅಳು ಕೇಳಿಸಿದ್ದಾಗಿಯೂ ಹೇಳಿದ. ಹನ್ನೆರಡು ಮಂದಿಯೂ ಹೌದು, ಅತ್ತಿತು, ಹೆಸರು ರೆನೋಲ್ಡ್ ಎಂದು ಆಣೆ ಮಾಡಿದರು. ನನ್ನ ಗಂಡ ಅವತ್ತು ಆ ಮನೆಯ ಹತ್ತಿರವೂ ಇರಲಿಲ್ಲ. ಗುಡ್ಡದಾಚೆಯ ಹೊಲದಲ್ಲಿ ಗೊಬ್ಬರ ಹರಡುತ್ತಿದ್ದ. ಅವನಿಗೆ ಮಧ್ಯಾಹ್ನದ ರೊಟ್ಟಿ ಕಟ್ಟಿಕೊಟ್ಟವಳು ನಾನು.

ಗನ್ನೋರಾ ಕಂಬ ಬಿಟ್ಟು ಮುಂದೆ ಬಂದಳು. ದನಿ ಇಳಿದಿತ್ತು. ಅಧಿಕಾರಿ ಬೆಂಚಿನಿಂದ ಬಾಗಬೇಕಾಯಿತು.

"ಆ ಕೋಣೆಯೊಳಗೆ ಇದ್ದೋಳು ನಾನು ಸ್ವಾಮಿ. ಕೂಸು ಅಳ್ಲಿಲ್ಲ."

ಅಧಿಕಾರಿ ಕೆಟ್ಟವನಲ್ಲ, ಬೇಸತ್ತವನು. ಹೆರಿಗೆಯ ಕೋಣೆಗೆ ಗಂಡಸರು ಹೋಗುವಂತಿಲ್ಲ, ಹೆಂಗಸರು ಈ ನ್ಯಾಯದಲ್ಲಿ ಆಣೆ ಮಾಡುವಂತಿಲ್ಲ, ಅದಕ್ಕೇ ಕಾಯಿದೆ ಗೋಡೆಯಾಚೆ ಕೇಳಿಸಿತೇ ಎಂದು ಗಂಡಸರನ್ನು ಕೇಳುತ್ತದೆ ಎಂದು ಬಿಡಿಸಿ ಹೇಳಿದ.

"ಕಣ್ಣಲ್ಲಿ ಕಂಡೋಳು ಸುಳ್ಳಿ. ಗೋಡೆ ಆಚೆ ಇದ್ದೋರು, ಹೊಲ್ದಲ್ಲಿದ್ದೋರು ಸತ್ಯವಂತ್ರು. ಹಂಗೇ ಅಲ್ವಾ?"

ಬರಹಗಾರನ ಲೇಖನಿ ಅವಳ ಒಂದು ಮಾತಿಗೂ ಅಲುಗಲಿಲ್ಲ. ಗಿರಣಿ, ಹುಲ್ಲುಗಾವಲು, ನಮ್ಮೂರು ಎಲ್ಲವೂ ಫುಲ್ಕ್ ಬದುಕಿರುವ ತನಕ ಫುಲ್ಕನದೇ ಎಂದು ಮುದ್ರೆ ಬಿತ್ತು.

ಮನೆಗೆ ಬಂದು ನಾನು ಗಂಡನನ್ನು ಕೇಳಿದೆ. ನೆಲ ಫುಲ್ಕನದು, ನಾವು ಉಳುವವರು, ಇಲ್ಲ ಅಂದಿದ್ದರೆ ಎಲ್ಲಿಗೆ ಹೋಗುತ್ತಿದ್ದೆವು ಎಂದ. ನಿಜವೇ. ಆದರೂ ಅಂದಿನಿಂದ ಅವನಿಗೆ ಬಡಿಸುವಾಗ ಬಟ್ಟಲನ್ನು ಕುಕ್ಕಿ ಇಡುವುದು ನನಗೆ ರೂಢಿಯಾಯಿತು. ಗನ್ನೋರಾ ನಮ್ಮ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟಳು. ನನ್ನನ್ನು ಹಿತ್ತಲಿನಲ್ಲಿ ನಿಂತು ಕರೆಯುತ್ತಿದ್ದಳು.

ಈಸ್ಟರ್ ಕಳೆದು ಐದು ವಾರಕ್ಕೆ, ಊರಿನ ಎಲ್ಲೆ ಸುತ್ತುವ ದಿನ. ಪಾದ್ರಿ ಶಿಲುಬೆ ಹಿಡಿದು ಮುಂದೆ, ಗಂಡಸರು ಬಾವುಟ ಹಿಡಿದು ಹಿಂದೆ, ಹೊಲದ ಅಂಚಿನ ಕಲ್ಲು ಕಲ್ಲಿಗೂ ನೀರು ಚಿಮುಕಿಸುತ್ತ ಬೆಳಗಿನಿಂದ ನಡೆಯುತ್ತಾರೆ. ಫುಲ್ಕ್ ಕೂಡ ಹೊಸ ಜಂಬದಿಂದ ಹೋಗಿದ್ದ. ಅವರು ಗುಡ್ಡದ ಹಿಂದೆ ಮರೆಯಾದದ್ದೇ ತಡ, ಗನ್ನೋರಾ ಮನೆಮನೆಯ ಬಾಗಿಲು ತಟ್ಟಿದಳು. ಯಾರ ಯಾರ ಕೂಸು ಪೊದೆಯ ಬುಡದಲ್ಲಿದೆ ಎಂದು ಅವಳಿಗೆ ಬಾಯಿಪಾಠ. ಹದಿನೇಳು ಮಂದಿ ಬಂದೆವು. ಒಬ್ಬಳಿಗೆ ಎಪ್ಪತ್ತು ದಾಟಿತ್ತು, ಬೇರೊಬ್ಬಳು ಹಿಂದಿನ ತಿಂಗಳಷ್ಟೇ ಹೂತಿದ್ದಳು.

ಬೇಲಿಯ ಗೂಟ ಕಿತ್ತೆವು. ಹೆಣೆದ ಕಡ್ಡಿಗಳನ್ನು ಇಡಿಯಾಗಿ ಎತ್ತಿಕೊಂಡು ಹನ್ನೆರಡು ಹೆಜ್ಜೆ ಆಚೆ, ಪೊದೆಗಳನ್ನೂ ದಾಟಿ, ಮತ್ತೆ ನೆಟ್ಟೆವು. ಕೂಸುಗಳೆಲ್ಲ ಒಳಗಾದವು. ಬಡಿಯಲು ಸುತ್ತಿಗೆ ಸಾಲದೆ ಕಲ್ಲು ತೆಗೆದುಕೊಂಡೆವು. ಯಾರೂ ಅಳಲಿಲ್ಲ, ಹಾಡಲಿಲ್ಲ. ಅಷ್ಟು ಸಿಟ್ಟಿನಲ್ಲಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ, ಅಷ್ಟು ಚೊಕ್ಕವಾಗಿಯೂ ಮಾಡಿದ್ದಿಲ್ಲ.

ಮೆರವಣಿಗೆ ಹಿಂತಿರುಗಿದಾಗ ನಾವು ಇನ್ನೂ ಅಲ್ಲೇ ಇದ್ದೆವು. ವಾರಿನ್ ಮುಖ ಕೆಂಪಾಯಿತು. ಬಿಷಪ್ಪರು ಹರಸದ ಮಣ್ಣನ್ನು ಸ್ಮಶಾನಕ್ಕೆ ಸೇರಿಸಲು ನೀವು ಯಾರು, ಈಗಿಂದೀಗಲೇ ಕೀಳಿ ಎಂದ. ಗನ್ನೋರಾ ಅವನ ಹತ್ತಿರ ಹೋಗಿ ನಿಂತಳು.

"ಬಿಷಪ್ಪರು ಸುಗ್ಗಿ ಆದ್ಮೇಲೆ ಬರ್ತಾರಂತಲ್ಲ ಫಾದರ್. ಅವರ ನ್ಯಾಯ್ದಲ್ಲಿ ಹೆಂಗಸ್ರ ಆಣೆನೂ ನಡೆಯುತ್ತೆ. ಬೇಲಿ ಹಿಂದಕ್ಕೆ ಹಾಕಿ ನೋಡಿ. ಆ ಬರೀ ಗುಂಡೀಲಿ ಯಾರಿದ್ರು, ಯಾರು ತೆಗೆಸಿದ್ರು ಅಂತ ಅವರಿಗೆ ನಾನು ಹೇಳ್ತೀನಿ."

ಪಾದ್ರಿ ಫುಲ್ಕನ ಮುಖ ನೋಡಿದ. ಫುಲ್ಕ್ ತನ್ನ ಬೂಟಿನ ಮಣ್ಣು ನೋಡಿಕೊಂಡ. ಶಿಲುಬೆ ಇಗರ್ಜಿಯ ಬಾಗಿಲ ಕಡೆ ತಿರುಗಿತು, ಉಳಿದವರು ಹಿಂಬಾಲಿಸಿದರು. ಬೇಲಿ ಅಲ್ಲೇ ಉಳಿಯಿತು.

ಸುಗ್ಗಿ ಮುಗಿಯಿತು, ಬಿಷಪ್ ಬಂದ. ಗನ್ನೋರಾ ಬಾಯಿ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಫುಲ್ಕನ ಹೆಸರು ಕೆಡಿಸೋಕೆ ಇದೇ ಸಮಯ, ಯಾಕಕ್ಕ ಸುಮ್ಮನಿದ್ದೀಯ ಎಂದು ಹಿತ್ತಲಿನಲ್ಲಿ ಜಗಳಕ್ಕೇ ನಿಂತೆ.

"ಹೇಳಿದ್ರೆ ಏನಾಗುತ್ತೆ ಮಾಬಿ? ನೆಲ ರಾಜನ ನ್ಯಾಯದ್ದು, ಬಿಷಪ್ಪರ ಕೈಲಿ ಏನೂ ಇಲ್ಲ. ಅವರು ಮಾಡೋದು ಒಂದೇ. ಅವ್ವನ ಪಕ್ಕ ಮಲಗಿರೋ ಕೂಸನ್ನ ಮತ್ತೆ ಅಗೆಸ್ತಾರೆ. ಅಗೆಸ್ಲಾ?"

ಫುಲ್ಕ್ ಆ ಸುಳ್ಳಿನ ಮೇಲೆ ಹತ್ತೊಂಬತ್ತು ವರ್ಷ ಕೂತು ಉಂಡ. ಗಿರಣಿಯಲ್ಲಿ ಬೀಸುವ ಕೂಲಿಗೆಂದು ಹದಿನಾರು ಬೊಗಸೆಗೆ ಒಂದು ಬೊಗಸೆ ಮುರಿದುಕೊಳ್ಳುತ್ತಿದ್ದವನು ಹನ್ನೆರಡಕ್ಕೆ ಒಂದು ಎಂದ. ಹುಲ್ಲುಗಾವಲಿಗೆ ನಮ್ಮ ಹಸುಗಳನ್ನು ಬಿಡಲಿಲ್ಲ. ಇನ್ನೊಂದು ಮದುವೆಯಾದ. ಆ ಹೆಂಡತಿಯ ಹೆರಿಗೆಗೆ ಗನ್ನೋರಾಳನ್ನು ಕರೆಸಿದ. ಅವಳು ಹೋಗುವುದಿಲ್ಲ ಎಂದು ಊರೇ ಬಾಜಿ ಕಟ್ಟಿತ್ತು. ಅವಳು ಹೋದಳು. ಆದರೆ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆಸಿ, ಫುಲ್ಕನನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಹುಡುಗಿ ಹುಟ್ಟಿ ಕಿರುಚಿಕೊಂಡಾಗ ಇದು ಅಳು, ನೆನಪಿಟ್ಟುಕೊಳ್ಳಿ ಧಣಿ ಎಂದಳು. ನಾನು ಬುಟ್ಟಿ ಹಿಡಿದು ಪಕ್ಕದಲ್ಲೇ ಇದ್ದೆ.

ಅವನು ಸಾಯುವ ಎರಡು ವರ್ಷ ಮುಂಚೆ, ಕೆಮ್ಮು ಹತ್ತಿ ಗನ್ನೋರಾ ಹೋದಳು. ಕೊನೆಯ ವಾರ ನಾನೇ ಅವಳ ಬಳಿಯಿದ್ದೆ. ಅಂದು ಅವೆಲಿನಾಗೆ ಬೇರೇನು ಹೇಳಬಹುದಿತ್ತು ಎಂದು ಅವಳು ಮೂರು ದಿನ ಕೇಳಿದಳು. ನನಗೂ ತೋಚಲಿಲ್ಲ.

ಫುಲ್ಕ್ ಸತ್ತ ಮೇಲೆ ಮತ್ತೆ ಬೆಂಚು, ಮತ್ತೆ ಹನ್ನೆರಡು ಮಂದಿ. ಅಷ್ಟರಲ್ಲಿ ಪೆಟ್ರೋನಿಲಾ ತೀರಿಕೊಂಡಿದ್ದಳು, ನೆಲ ಅವಳ ಹಿರಿಮಗನಿಗೆ ಬಂತು. ನಾವು ಹೆಂಗಸರು ದಾರಿಯುದ್ದಕ್ಕೂ ನಿಂತು ಅವನನ್ನು ಬರಮಾಡಿಕೊಂಡೆವು. ಒಂದು ವಾರದ ಮೇಲೆ ಗಿರಣಿಯ ಬೊಗಸೆಯ ಮಾತೆತ್ತಿಕೊಂಡು ನಾನೂ ಇನ್ನಿಬ್ಬರೂ ಅವನ ಹತ್ತಿರ ಹೋದೆವು. ಹತ್ತೊಂಬತ್ತು ವರ್ಷ ನಡೆದದ್ದು ಈಗ ಪದ್ಧತಿ, ಪದ್ಧತಿ ಮುರಿಯುವವನು ನಾನಲ್ಲ ಎಂದ. ಇದೇ ನೆಲಕ್ಕಾಗಿ ನನ್ನಕ್ಕ ನಿಮ್ಮ ತಾಯಿಯ ಮನೆಗೆ ಕಾಲುನಡಿಗೆಯಲ್ಲಿ ಬಂದಿದ್ದಳು ಎಂದು ನಾನು ಹೇಳಿದೆ.

ಯಾರು ನಿನ್ನಕ್ಕ ಎಂದು ಕೇಳಿದ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, ಈಗ ಪಾರುಪತ್ಯ ನೋಡುತ್ತಿದ್ದ ಓಸ್ಬರ್ಟನ ಮಗನ ಕಡೆ ತಿರುಗಿ ಕುದುರೆ ತರಲು ಹೇಳುತ್ತಿದ್ದ.