ನಡುಗಡ್ಡೆಯ ಪಾರಣೆ

ಅರವತ್ತರ ದಶಕದ ಶುರುವಿನಲ್ಲಿ ನಾನು ಕೊಣನೂರಿನಲ್ಲಿ ಮೇಷ್ಟರಾಗಿದ್ದೆ. ಮದುವೆಯಾಗಿ ಆರು ತಿಂಗಳಾಗಿತ್ತು. ಹೊಸ ಸಂಸಾರ ನೋಡಲು ಚನ್ನರಾಯಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಬಂದಿದ್ದಳು. ನಾವು ಜೈನರು. ಅಮ್ಮ ಪ್ರತಿ ಚತುರ್ದಶಿಗೂ ನೀರು ಸಹ ಮುಟ್ಟದೆ ಉಪವಾಸ ಇರುವವಳು. ಮಾರನೆಯ ಬೆಳಿಗ್ಗೆ ಉಪವಾಸ ಬಿಡುವ ಪಾರಣೆ. ಉಪವಾಸವಿಲ್ಲದ ದಿನವೂ ಹೊತ್ತು ಮುಳುಗಿದ ಮೇಲೆ ಅವಳ ಬಾಯಿಗೆ ಒಂದು ಹನಿ ಹೋಗುತ್ತಿರಲಿಲ್ಲ.

ಆ ಸಲ ಚತುರ್ದಶಿ ಶನಿವಾರ ಬಿತ್ತು. ಭಾನುವಾರ ನನಗೆ ರಜ. ಊರಿಂದಾಚೆ ಕಾವೇರಿಯ ಮಧ್ಯೆ ಒಂದು ನಡುಗಡ್ಡೆಯಿತ್ತು, ಮತ್ತಿಮರದ ನೆರಳು, ಬಿಳಿ ಮರಳು. ಅಮ್ಮ ಕೆರೆ, ಬಾವಿ ಬಿಟ್ಟು ಬೇರೆ ನೀರು ಕಂಡವಳಲ್ಲ. ಹೊಳೆ ನಡುವೆ ಕೂರಿಸಿ ಪಾರಣೆ ಮಾಡಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. "ಎರಡು ಗುಟುಕು ನೀರಾದ್ರೂ ಇಲ್ಲೇ ಕುಡಿದು ಹೊರಡ್ಲಿ" ಅಂದಳು ಹೆಂಡತಿ. "ಎಂಟು ಗಂಟೆಗೆಲ್ಲಾ ಅಲ್ಲಿರ್ತೀವಿ, ಸುಮ್ನಿರು" ಎಂದು ಗದರಿದೆ. ಆಗ ನನಗೆ ಎಲ್ಲವೂ ಗೊತ್ತಿತ್ತು!

ದಡದಲ್ಲಿ ಹರಿಗೋಲು ನೋಡಿದರೆ ಒಳಗೆಲ್ಲ ಮೀನಿನ ಹುರುಪೆ ಅಂಟಿತ್ತು. ಅದರಲ್ಲಿ ಪಾರಣೆಯ ಊಟ ಇಡುವುದೇ? "ಮುಚ್ಚಿದೆಯಲ್ಲಪ್ಪ, ಮಡಿಲಲ್ಲಿ ಇಟ್ಕೋತೀನಿ" ಅಂದಳು ಅಮ್ಮ. ಅವಳಿಗಿಂತ ದೊಡ್ಡ ಶ್ರಾವಕ ನಾನು, ಒಪ್ಪಲಿಲ್ಲ. ಅಂಬಿಗ ಮಧ್ಯೆ ಬಂದ. "ಓಗ್ಲಿ ಬುಡಿ ಸಾ. ಅವ್ವಾರನ್ನ ಮದ್ಲು ಬುಟ್ಟು, ಅಲ್ಲೇ ಮರಳಾಕಿ ಉಜ್ಜಿ ತೊಳ್ಕಂಡು ಬತ್ತೀನಿ. ಆಮೇಲೆ ನೀವು ಊಟ ತಕ್ಕಂಡು ಬನ್ನಿ."

ಅತ್ತೆ ಸೊಸೆ ಇಬ್ಬರೂ ದಾಟಿದರು. ಬುಟ್ಟಿ, ಕಾಯಿಸಿದ ನೀರಿನ ತಂಬಿಗೆ ಇಟ್ಟುಕೊಂಡು ನಾನು ಈಚೆ ಕೂತೆ. ಅಂಬಿಗ ಆಚೆ ಹರಿಗೋಲು ಬೋರಲು ಹಾಕಿ ಉಜ್ಜುವುದು ಕಾಣುತ್ತಿತ್ತು. ಅಷ್ಟರಲ್ಲಿ ನೀರಿನ ಬಣ್ಣ ತಿರುಗಿತು. ನಮ್ಮಲ್ಲಿ ಚುರುಚುರು ಬಿಸಿಲು. ಮಳೆ ಬಿದ್ದದ್ದು ಕೊಡಗಿನಲ್ಲಿ. ನೋಡನೋಡುತ್ತಿದ್ದಂತೆ ಹೊಳೆ ಕೆಂಪಾಗಿ, ಮರದ ಕೊಂಬೆಗಳು ತೇಲಿ ಬಂದವು. "ಈಗ್ ಆಗಕಿಲ್ಲ ಸಾ! ದಿಬ್ಬ ಮುಳುಗಕಿಲ್ಲ, ಎದರ್ಕಬ್ಯಾಡಿ!" ಎಂದು ಅಂಬಿಗ ಆಚೆಯಿಂದ ಕೂಗಿದ.

ಅಮ್ಮ ಮರದಡಿ ಕೂತಿದ್ದಳು. ಅವಳ ಸುತ್ತ ನೀರೇ ನೀರು. ಸೋಸುವ ಬಟ್ಟೆ ನನ್ನ ಬುಟ್ಟಿಯಲ್ಲಿ. ಉಟ್ಟ ಸೀರೆಯಲ್ಲಿ ಸೋಸುವಂತಿಲ್ಲ, ಸೋಸದ ನೀರನ್ನು ಅವಳು ಕುಡಿಯುವವಳಲ್ಲ. ಶುಕ್ರವಾರ ಸಂಜೆಯಿಂದ ಗಂಟಲು ಒಣಗಿತ್ತು. ಈಚೆ ದಡದಲ್ಲಿದ್ದ ಇನ್ನೊಬ್ಬ ಅಂಬಿಗನ ಕೈಕಾಲು ಹಿಡಿದೆ. "ನಂಗೇನ್ ಎಲ್ಡ್ ಜೀವ ಐತಾ ಸಾ?" ಅಂದ. ಈಜು ನನಗೆ ಬರುತ್ತಿರಲಿಲ್ಲ. ಮಧ್ಯಾಹ್ನವಾಯಿತು. ಅಮ್ಮ ಸೊಸೆಯ ತೊಡೆಯ ಮೇಲೆ ಒರಗಿದಳು. ನಾನು ದಡದುದ್ದಕ್ಕೂ ಅತ್ತಿತ್ತ ಓಡಾಡಿದೆ, ಹೊಳೆಗೆ ಬೈದೆ, ಕೈಮುಗಿದೆ. ಸೂರ್ಯ ಇಳಿಯುತ್ತಲೇ ಇದ್ದ. ಅವನು ಮುಳುಗಿದರೆ ಮತ್ತೆ ನಾಳೆ ಬೆಳಗಿನವರೆಗೆ ಅವಳಿಗೆ ನೀರಿಲ್ಲ. ಅಷ್ಟು ಹೊತ್ತು ಉಳಿಯುತ್ತಾಳೋ ಇಲ್ಲವೋ.

ಸಂಜೆ ಸೆಳೆತ ಸ್ವಲ್ಪ ಇಳಿದಾಗ ಅಂಬಿಗ ಇಬ್ಬರನ್ನೂ ಕೂರಿಸಿಕೊಂಡು ಹೊರಟ. ಹರಿಗೋಲು ಗಿರಗಿರ ತಿರುಗುತ್ತಾ ಎಷ್ಟೋ ದೂರ ಕೆಳಕ್ಕೆ ಕೊಚ್ಚಿಹೋಗಿ ದಡ ಹತ್ತಿತು. ತಂಬಿಗೆ ಎದೆಗವಚಿ ಗದ್ದೆ ಬದುಗಳ ಮೇಲೆ ಓಡಿದೆ. ತಲುಪುವ ಹೊತ್ತಿಗೆ ಸೂರ್ಯ ಮುಳುಗಿದ್ದ.

ಅಮ್ಮನ ತುಟಿ ಬಿರಿದಿತ್ತು, ಕಣ್ಣು ಮೇಲೆ ಹೋಗುತ್ತಿತ್ತು. ತಂಬಿಗೆ ಹಿಡಿದರೆ ಮುಖ ತಿರುಗಿಸಿದಳು. "ಹೊತ್ತು ಮುಳುಗ್ತಲ್ಲ ಕಂದ." ಮೋಡ ಅಷ್ಟೆ, ಇನ್ನೂ ಮುಳುಗಿಲ್ಲ ಅಂದೆ. ಆಕಾಶದಲ್ಲಿ ಮೋಡವೇ ಇರಲಿಲ್ಲ. ಕೊನೆಗೆ ಅವಳ ಪಾದದ ಮೇಲೆ ತಲೆಯಿಟ್ಟು, "ನೀನು ಕುಡೀದಿದ್ರೆ ನಿನ್ನಾಣೆ, ನಾನೂ ಇನ್ನು ನೀರು ಮುಟ್ಟಲ್ಲ" ಎಂದು ಅತ್ತುಬಿಟ್ಟೆ. ಅಮ್ಮ ತಂಬಿಗೆಗೆ ಕೈ ಚಾಚಿದಳು. ಆಮೇಲೆ ನಾಲ್ಕು ಗುಟುಕು ಕುಡಿದಳು. ಬದುಕಿಸಿಕೊಂಡೆ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಕಣ್ಣಲ್ಲಿ ನೀರಿದ್ದದ್ದು ಕಂಡರೂ ಅದರ ಕಡೆ ಗಮನ ಕೊಡಲಿಲ್ಲ.

ಮಾರನೆಯ ದಿನ ಊಟದ ಕೊನೆಗೆ ಹೆಂಡತಿ ಮೊಸರು ತಂದಾಗ ಅಮ್ಮ ಎಲೆಗೆ ಕೈ ಅಡ್ಡ ಹಿಡಿದಳು. ಮೊಸರನ್ನ ಉಣ್ಣದೆ ಅವಳು ಎಲೆ ಬಿಟ್ಟು ಎದ್ದದ್ದನ್ನು ನಾನು ಕಂಡಿರಲಿಲ್ಲ. ಆ ನಾಲ್ಕು ಗುಟುಕಿನ ಪ್ರಾಯಶ್ಚಿತ್ತಕ್ಕೆ ಜೀವ ಇರುವವರೆಗೆ ಮೊಸರು ಬಿಟ್ಟಿದ್ದಾಳೆಂದು ಸೊಸೆಗೆ ಮಾತ್ರ ಹೇಳಿದ್ದಳಂತೆ. ಕೂಗಾಡಿದೆ, ತಪ್ಪು ನನ್ನದು ಎಂದು ಗೋಳಾಡಿದೆ. "ಇನ್ನೊಂದು ಆಣೆ ಮಾತ್ರ ಹಾಕ್ಬೇಡಪ್ಪ" ಅಂದಳು, ಅಷ್ಟೆ.

ಆಮೇಲೆ ಇಪ್ಪತ್ತು ವರ್ಷ ಬದುಕಿದಳು. ನನ್ನ ತಟ್ಟೆಗೆ ಕೆನೆಮೊಸರನ್ನು ಅವಳೇ ಬಡಿಸುತ್ತಿದ್ದಳು. ಬೇಡ ಎನ್ನುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ.